ಟಾಮಿ ರಮೋನ್ ನಾಲ್ಕೇ ವರ್ಷಕ್ಕೆ ಡ್ರಮ್ಸ್ ಬಿಟ್ಟದ್ದೇಕೆ?

ಪ್ರಶ್ನೆ: ನ್ಯೂಯಾರ್ಕ್‌ನ ಪಂಕ್ ರಾಕ್ (ವೇಗದ, ಸರಳ, ಒರಟು ರಾಕ್ ಸಂಗೀತ) ತಂಡ ರಮೋನ್ಸ್‌ನ ಮೊದಲ ಮೂರು ಆಲ್ಬಮ್‌ಗಳಿಗೆ ಡ್ರಮ್ಸ್ ನುಡಿಸಿದ ಟಾಮಿ ರಮೋನ್ 1978ರಲ್ಲೇ ತಂಡದಿಂದ ಹೊರಬಂದರು. ಜಗಳವಾಗಿತ್ತೇ? ಮುಂದೆ ಅವರೇನು ಮಾಡಿದರು? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ಅವರು ಮೂಲತಃ ಡ್ರಮ್ಮರ್ ಅಲ್ಲವೆಂಬುದನ್ನು ಮೊದಲು ಗಮನಿಸಬೇಕು. 1949ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಬಂದ ಅವರು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಪಳಗಿದವರು. 1974ರಲ್ಲಿ ತಂಡದ ವ್ಯವಸ್ಥಾಪಕರಾಗಬೇಕಿದ್ದವರು, ಡ್ರಮ್ಸ್ ನುಡಿಸುತ್ತಿದ್ದ ಜೋಯಿ ಹಾಡುಗಾರಿಕೆಗೆ ಸರಿದಾಗ, ತಂಡಕ್ಕೆ ಒಪ್ಪುವ ಬೇರೆ ಯಾರೂ ಸಿಗದೆ ತಾವೇ ಕೋಲು ಹಿಡಿದರು. ಅವರ ನುಡಿಸುವಿಕೆಯಲ್ಲಿ ಬಲಗೈ ಹೈ-ಹ್ಯಾಟ್ (ಜೋಡಿ ತಾಳದ ತಟ್ಟೆ) ಮೇಲೆ ಒಂದೇ ಸಮನೆ, ಎಲ್ಲೂ ಸಡಿಲಗೊಳ್ಳದ ವೇಗದಲ್ಲಿ ಓಡುತ್ತಿದ್ದರೆ ಎಡಗೈ ಸ್ನೇರ್ ಎಂಬ ಚುರುಕು ದನಿಯ ಡ್ರಮ್ ಮೇಲೆ ನೇರ ಪೆಟ್ಟು ಕೊಡುತ್ತದೆ. ಅಲಂಕಾರ ತೀರಾ ಕಡಿಮೆ. ಸುಲಭವೆನ್ನುವವರು ಎರಡು ನಿಮಿಷ ನುಡಿಸಿ ನೋಡಲಿ!

ಉತ್ತರ 2: ಮೇಲಿನವರ ಮಾತು ಸರಿ. ಬಿಟ್ಟದ್ದಕ್ಕೆ ಮುಖ್ಯ ಕಾರಣ ಊರೂರು ಅಲೆಯುವ ಪ್ರವಾಸದ ಬೇಸರ. ಸಂಬಂಧವೇನೂ ಕಡಿದುಹೋಗಲಿಲ್ಲ: ಅವರ ಜಾಗಕ್ಕೆ ಮಾರ್ಕಿ ರಮೋನ್ ಡ್ರಮ್ಸ್‌ಗೆ ಬಂದ ನಂತರದ ರಮೋನ್ಸ್‌ನ 1978ರ ಆಲ್ಬಮ್‌ಗೂ 1984ರ ಇನ್ನೊಂದಕ್ಕೂ ಟಾಮಿಯವರೇ ನಿರ್ಮಾಪಕರಲ್ಲೊಬ್ಬರು. ರೀಪ್ಲೇಸ್‌ಮೆಂಟ್ಸ್ ಎಂಬ ಇನ್ನೊಂದು ಅಮೆರಿಕನ್ ರಾಕ್ ತಂಡದ 1985ರ ಆಲ್ಬಮ್ ಕೂಡ ಅವರದೇ ನಿರ್ಮಾಣ. ನನ್ನ ಮಟ್ಟಿಗೆ ಅವರ ಹೆಚ್ಚಿನ ಸಾಧನೆ ಡ್ರಮ್ಸ್‌ಗಿಂತ ರಮೋನ್ಸ್‌ನ ಒಟ್ಟು ನಾದವನ್ನು ರೂಪಿಸಿದ್ದು.

ಉತ್ತರ 3: ಕೊನೆಗಾಲದಲ್ಲಿ ಅವರು ಮ್ಯಾಂಡೊಲಿನ್ ಹಿಡಿದು, ಅಂಕಲ್ ಮಂಕ್ ಎಂಬ ಜೋಡಿಯಲ್ಲಿ ಬ್ಲೂಗ್ರಾಸ್ ಎಂಬ ಅಮೆರಿಕದ ಜಾನಪದ ಶೈಲಿಯ ತಂತಿವಾದ್ಯ ಸಂಗೀತ ನುಡಿಸುತ್ತಿದ್ದರು. ರಮೋನ್ಸ್‌ನ ಮೂಲ ನಾಲ್ವರಲ್ಲಿ ಕೊನೆಯವರಾಗಿ 2014ರ ಜುಲೈನಲ್ಲಿ ತೀರಿಕೊಂಡರು.