ಅಪ್‌ಡೇಟ್: ಇಂಟಿಗ್ರೇಟಿವ್ ಕೌನ್ಸೆಲಿಂಗ್‌ಗೇ ಸೇರಿದೆ

ಆಪ್ತ ಸಮಾಲೋಚಕಿ ಆಗೋಕೆ ಒಂದೇ ಪದ್ಧತಿ ಕಲೀಲಾ, ಹಲವನ್ನು ಕೂಡಿಸಿ ಕಲಿಸೋ ಇಂಟಿಗ್ರೇಟಿವ್ ಕೌನ್ಸೆಲಿಂಗ್ ಹಿಡೀಲಾ ಅಂತ ಕೇಳಿದ್ದೆ. ಎರಡನೇದಕ್ಕೆ ಸೇರಿದೆ, ಬಳ್ಳಾರಿಯಲ್ಲೇ, ಡಿಪ್ಲೊಮಾ.

"ಎಲ್ಲಾ ಅರ್ಧಂಬರ್ಧ ಆಗುತ್ತೆ" ಅಂದಿದ್ರಿ ಕೆಲವರು. ಹಾಗೇನಿಲ್ಲ. ತಳಪಾಯ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್‌ದು: ಪರಾನುಭೂತಿ, ಷರತ್ತಿಲ್ಲದ ಗೌರವ, ನಾಟಕ ಮಾಡದಿರೋದು. ಅದರ ಮೇಲೆ ಫ್ರಾಯ್ಡ್ ಪರಂಪರೆಯಿಂದ ಬಾಲ್ಯದ ಸಂಬಂಧಗಳು, ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಸಿಬಿಟಿಯಿಂದ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಯೋಚನೆಗಳನ್ನು ಪರೀಕ್ಷಿಸೋ ಕ್ರಮ. ಎದುರಿಗೆ ಕೂತವರಿಗೆ ಯಾವುದು, ಯಾಕೆ ಅಂತ ಕಾರಣ ಕೊಡಲೇಬೇಕು.

ನಿಜಕ್ಕೂ ಕಷ್ಟ ಆಗಿರೋದು ಥಿಯರಿ ಅಲ್ಲ, ಜೋಡಿ ಅಭ್ಯಾಸ, ಅಂದ್ರೆ ಸಹಪಾಠಿ ಜೊತೆ ಕೂತು ಕೌನ್ಸೆಲಿಂಗ್ ಮಾಡಿ ನೋಡೋದು. ಎದುರಿನವಳು ಪರೀಕ್ಷೆ ಭಯ ಹೇಳ್ತಿದ್ರೆ ಬಾಯಿಗೆ ಬರೋದು "ಹಂಗಲ್ಲವ್ವಾ, ಹಿಂಗ್ ಮಾಡು". ನಮ್ಮ ಕಡೆ ಕಷ್ಟ ಹೇಳ್ಕೊಂಡು ಬಂದವರನ್ನ ಬುದ್ಧಿ ಹೇಳದೆ ಕಳಿಸಿದ್ರೆ ಮರ್ಯಾದೆ ಅಲ್ಲ! ಇಲ್ಲಿ ಸುಮ್ಮನೆ ಕೇಳಿಸ್ಕೊಳ್ಳೋದೇ ಕೆಲಸ. ಆತ್ಮಹತ್ಯೆಯ ಮಾತು ಬಂದ್ರೆ ಮಾತ್ರ ನೇರವಾಗಿ ಕೇಳಬೇಕು, ಮನೋವೈದ್ಯರ ಹತ್ತಿರ ಕಳಿಸಬೇಕು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ನಂಬರ್ 14416 ಕೊಡಬೇಕು.

ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ಕೇಳಿದ್ದವರಿಗೆ: ಈ ಡಿಪ್ಲೊಮಾದಿಂದ ಸಿಗಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಂದ್ರೆ ಆರ್‌ಸಿಐ ಮಾನ್ಯತೆ ಇರೋ ಕೋರ್ಸೇ ಬೇಕು. ನನ್ನ ಕಣ್ಣು ಶಾಲಾ-ಕಾಲೇಜು ಕೌನ್ಸೆಲರ್ ಕೆಲಸದ ಮೇಲೆ.

ಅಪ್ಪ ಇನ್ನೂ ಬಿ.ಎಡ್. ಅಂತಲೇ ಅಂತಾರೆ. ಆದ್ರೂ ಫೀಸು ಕಟ್ಟಿದ್ದು ಅವರೇ.