ಕಡಲಕಳೆ, ಕಡಲಪಾಚಿ, ಕಡಲಸೊಪ್ಪು: ಯಾವುದು ಯುಕ್ತ?

ಮಾನ್ಯರೇ,

ಇಂಗ್ಲಿಷಿನಲ್ಲಿ ‘ಸೀವೀಡ್’ ಎನ್ನುವ ಕಡಲಕಳೆಯಲ್ಲಿರುವ ಒಮೆಗಾ-3 ಕೊಬ್ಬಿನಾಮ್ಲಗಳ ಬಗ್ಗೆ ಕಾರವಾರ, ಕುಮಟಾ, ಶಿರಸಿ ಭಾಗದ ಸಾಮಾನ್ಯ ಓದುಗರಿಗಾಗಿ ಬರೆಯುತ್ತಿರುವ ಲೇಖನದಲ್ಲಿ ಎದುರಾದ ತೊಡಕೊಂದನ್ನು ಬಲ್ಲವರ ಮುಂದಿಡುತ್ತಿದ್ದೇನೆ.

ಪತ್ರಿಕೆಗಳು ಒಂದೇ ವಸ್ತುವನ್ನು ಒಮ್ಮೆ ಕಡಲಕಳೆ ಎಂದೂ ಇನ್ನೊಮ್ಮೆ ಸಮುದ್ರಪಾಚಿ ಎಂದೂ ಬರೆಯುತ್ತವೆ. ಆದರೆ ‘ಪಾಚಿ’ ಎಂದಾಗ ಬಂಡೆಗೆ ಅಂಟಿ ಬೆಳೆಯುವ, ಕೈಯಿಂದ ಕಿತ್ತು ತೆಗೆಯಬಹುದಾದ ದೊಡ್ಡ ಪಾಚಿಯೂ ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುವ ಏಕಕೋಶಜೀವಿಯೂ ಅದರೊಳಗೆ ಸೇರಿಬಿಡುತ್ತವೆ. ಬೇರೆ ವಿಷಯವಾಗಿದ್ದರೆ ಇದನ್ನು ಉಪೇಕ್ಷಿಸಬಹುದಿತ್ತು. ಕೊಬ್ಬಿನಾಮ್ಲದ ಮಾತು ಬಂದಾಗ ಅರ್ಥವೇ ಕೆಡುತ್ತದೆ. ಕೆಂಪು ಮತ್ತು ಕಂದು ಕಡಲಕಳೆಗಳಲ್ಲಿ ಗಮನಾರ್ಹವಾಗಿರುವುದು, ಅಣುವಿನಲ್ಲಿ 20 ಇಂಗಾಲಗಳಿರುವ ಇಪಿಎ ಎಂಬ ಒಮೆಗಾ-3 ಕೊಬ್ಬಿನಾಮ್ಲ. 22 ಇಂಗಾಲಗಳಿರುವ ಇನ್ನೊಂದು ಒಮೆಗಾ-3 ಆದ ಡಿಎಚ್‌ಎ ಅವುಗಳಲ್ಲಿ ಅತ್ಯಲ್ಪ. ಸಸ್ಯಾಹಾರಿಗಳಿಗೆಂದು ಮಾರುವ ಡಿಎಚ್‌ಎ ಗುಳಿಗೆಯ ಎಣ್ಣೆಯನ್ನು ತೆಗೆಯುವುದು ತೊಟ್ಟಿಗಳಲ್ಲಿ ಬೆಳೆಸಿದ, ಸೂಕ್ಷ್ಮಪಾಚಿ ಎಂದು ಕರೆಯಲಾಗುವ ಜೀವಿಗಳಿಂದ. ನಮ್ಮ ತಾರ್ಲೆ, ಬಂಗಡೆಗಳ ಮೈಗೆ ಒಮೆಗಾ-3 ಸೇರುವುದೂ ಮುಖ್ಯವಾಗಿ ಸೂಕ್ಷ್ಮಪಾಚಿಯಿಂದ ಮೊದಲಾಗುವ ಆಹಾರ ಸರಪಳಿಯ ಮೂಲಕವೇ. ಹೀಗಿರುವಾಗ ‘ಪಾಚಿ ಎಣ್ಣೆ’ ಎಂದಷ್ಟೇ ಬರೆದರೆ, ಮೀನು ತಿನ್ನದ ಶಿರಸಿಯ ಓದುಗರು ಅದನ್ನು ಕಡಲತೀರದ ಬಂಡೆಯಿಂದ ಕಿತ್ತದ್ದನ್ನು ಹಿಂಡಿ ತೆಗೆದದ್ದೆಂದು ತಿಳಿದಾರು. ಒಣಗಿಸಿದ ಕಡಲಕಳೆಯಲ್ಲಿ ಒಟ್ಟು ಕೊಬ್ಬು ಸಾಮಾನ್ಯವಾಗಿ ಶೇ. 1ರಿಂದ 5ರಷ್ಟು ಮಾತ್ರ. ಆ ಅಲ್ಪದಲ್ಲಿ ಒಮೆಗಾ-3ರ ಪಾಲು ಉತ್ತಮವಾಗಿರಬಹುದೇ ಹೊರತು ಅದು ಎಣ್ಣೆಕಾಳಲ್ಲ.

ಆದ್ದರಿಂದ ಸೂಕ್ಷ್ಮಜೀವಿಗೆ ‘ಸೂಕ್ಷ್ಮಪಾಚಿ’ ಎಂಬುದನ್ನೇ ಉಳಿಸಿಕೊಂಡಿದ್ದೇನೆ. ದೊಡ್ಡದಕ್ಕೆ ‘ಕಳೆ’ ಎನ್ನಲು ಮನಸ್ಸು ಒಪ್ಪುತ್ತಿಲ್ಲ. ಹೊಲ, ಸಿಹಿನೀರು, ಗೊಬ್ಬರ ಯಾವುದನ್ನೂ ಬೇಡದೆ ಬೆಳೆಯುವುದರಿಂದಲೇ ಅದನ್ನು ಸುಸ್ಥಿರ ಆಹಾರವೆನ್ನುತ್ತಾರೆ; ಅಂಥದ್ದನ್ನು ‘ಕಡಲಕಳೆ ಕೃಷಿ’ ಎಂದು ಕರೆದರೆ, ಕಳೆ ಕೀಳುವುದನ್ನೇ ಕೃಷಿಯೆಂದು ತಿಳಿದ ರೈತನಿಗೆ ವಿಚಿತ್ರವಾಗಿ ಕೇಳಿಸುತ್ತದೆ. (ಮುಖದ ಕಳೆಯ ನೆಪ ಹೇಳಿ ಈ ಪದವನ್ನು ಸಮರ್ಥಿಸುವವರಿದ್ದರೆ ಅವರ ಜಾಣತನಕ್ಕೆ ನಮಸ್ಕಾರ.) ‘ಕಡಲಸೊಪ್ಪು’ ಎಂದರೆ ಹೇಗೆ? ಘಟ್ಟದ ಮೇಲೆ ಸೊಪ್ಪು ಅಡುಗೆಗೂ ಸಲ್ಲುತ್ತದೆ, ಬೆಟ್ಟದಿಂದ ಕೊಟ್ಟಿಗೆಗೆ ಬಂದು ಗೊಬ್ಬರವೂ ಆಗುತ್ತದೆ. ಕಡಲಕಳೆಗೂ ಈ ಎರಡೂ ಬಳಕೆಗಳಿವೆ. ಸಸ್ಯಶಾಸ್ತ್ರದ ಪ್ರಕಾರ ಅದಕ್ಕೆ ನಿಜವಾದ ಎಲೆಯಿಲ್ಲವೆಂಬ ಆಕ್ಷೇಪ ಬರಬಹುದು, ಆದರೆ ಆಹಾರದ ಬರಹಕ್ಕೆ ಅದು ದೊಡ್ಡ ಅಡ್ಡಿಯೆಂದು ನನಗೆ ತೋರುವುದಿಲ್ಲ.

ಮಾಜಾಳಿಯಿಂದ ಭಟ್ಕಳದವರೆಗೆ, ಇಳಿತದ ಹೊತ್ತಿನಲ್ಲಿ ಬಂಡೆಗಳ ಮೇಲೆ ಚಿಪ್ಪು ಆಯುವವರು ಅಥವಾ ಬಲೆಗೆ ಸಿಕ್ಕ ಈ ಬೆಳೆಯನ್ನು ಬಿಡಿಸುವ ಮೀನುಗಾರರು ಇದಕ್ಕೆ ಕನ್ನಡದಲ್ಲಾಗಲಿ ಕೊಂಕಣಿಯಲ್ಲಾಗಲಿ ಬೇರೆ ಹೆಸರನ್ನು ಬಳಸುತ್ತಿದ್ದರೆ, ಯಾವ ಊರಿನಲ್ಲಿ ಯಾವ ಬಗೆಗೆ ಎಂಬ ವಿವರದೊಂದಿಗೆ ದಯವಿಟ್ಟು ತಿಳಿಸಬೇಕು. ಅಂಥ ಪದವಿದ್ದರೆ ನನ್ನ ‘ಕಡಲಸೊಪ್ಪ’ನ್ನು ಬಿಟ್ಟು ಅದನ್ನೇ ಬಳಸುತ್ತೇನೆ.