ಹಿತ್ತಲಿನ ಮಳೆ ಅಳೆಯೋದು ಹೇಗೆ? ಬಕೆಟ್‌ದು ಒಂದು ಲೆಕ್ಕ, ಡಬ್ಬಿದು ಇನ್ನೊಂದು

ಅರಸೀಕೆರೆ ಹಿತ್ತಲು (ಅಕ್ಟೋಬರ್ 2023)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹಿಂದೆ ಸಣ್ಣ ಹಿತ್ತಲಿದೆ. ಎರಡು ತೆಂಗು, ಒಂದು ನುಗ್ಗೆ, ಬದನೆ ಮಡಿ, ಹೀರೆ ಚಪ್ಪರ, ಮಲ್ಲಿಗೆ. ಈ ವರ್ಷದ ಕಥೆ ನಿಮಗೆ ಗೊತ್ತೇ ಇದೆ. ಆಗಸ್ಟ್ ಪೂರ್ತಿ ಒಣಗಿತು. ಸೆಪ್ಟೆಂಬರ್‌ನಲ್ಲಿ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ಹುಬ್ಬೆ, ಉತ್ತರೆ ಮಳೆ ನಕ್ಷತ್ರ ಎರಡೂ ಕೈಕೊಟ್ಟವು. ಈಗ ಚಿತ್ತೆ ಅಲ್ಲೊಂದು ಇಲ್ಲೊಂದು ಹನಿ ಹಾಕುತ್ತಿದೆ.

ಮೊಬೈಲ್ ನೋಡಿದರೆ ನಿಮ್ಮೂರಲ್ಲಿ 14 ಮಿ.ಮೀ. ಮಳೆ ಅನ್ನುತ್ತದೆ. ಬದನೆ ಬುಡ ಕೆದಕಿದರೆ ಒಂದು ಬೆರಳು ಕೆಳಗೆ ಪುಡಿ ಮಣ್ಣು! ಅದಕ್ಕೇ ನಾನೇ ಅಳೆಯೋಣ ಅಂತ ಹೊರಟೆ. ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ಒಂದು ಬಕೆಟ್, ಒಂದು ಸ್ಟೀಲ್ ಡಬ್ಬಿ ಇಟ್ಟಿದ್ದೇನೆ. ಬಕೆಟ್‌ನಲ್ಲಿ ಯಾವಾಗಲೂ ನೀರು ಜಾಸ್ತಿ ಎತ್ತರ ನಿಲ್ಲುತ್ತದೆ. ಯಾವುದು ನಿಜ? ನಮ್ಮ ಅತ್ತೆಯಂತೂ "ಅಳೆದ್ರೆ ಮಳೆ ಹೆಚ್ಚಾಗುತ್ತೇನೇ?" ಅಂತ ನಗುತ್ತಾರೆ.

ಸಾಗರದ ಅಡಿಕೆಯವ

ತಂಗೀ, ಡಬ್ಬಿಯನ್ನೇ ನಂಬು. ಬಕೆಟ್‌ನ ಬಾಯಿ ಅಗಲ, ತಳ ಕಿರಿದು. ಅಷ್ಟಗಲ ಬಾಯಿಗೆ ಬಿದ್ದ ನೀರು ಕಿರಿದಾದ ತಳದಲ್ಲಿ ನಿಂತರೆ ಎತ್ತರ ಜಾಸ್ತಿ ಆಗಲೇಬೇಕು ಅಲ್ವಾ? ಮೇಲಿಂದ ಕೆಳಗಿನವರೆಗೆ ಒಂದೇ ಅಗಲ ಇರುವ, ತಳ ಸಮ ಇರುವ ಪಾತ್ರೆ ಯಾವುದಾದರೂ ಸರಿ. ಸ್ಕೇಲ್ ಇಟ್ಟು ಎಷ್ಟು ಬಂತೋ ಅಷ್ಟೇ ಮಳೆ. ಬಾಯಿ ದೊಡ್ಡದೋ ಚಿಕ್ಕದೋ ಲೆಕ್ಕಕ್ಕಿಲ್ಲ.

ಬೆಳಿಗ್ಗೆ ಎಂಟೂವರೆಗೆ ನೋಡಿ, ಬರೆದು, ಚೆಲ್ಲಿಬಿಡು. ಹವಾಮಾನ ಇಲಾಖೆಯವರು ಮಳೆ ಲೆಕ್ಕಕ್ಕೆ ಹಿಡಿಯುವ ಇಪ್ಪತ್ನಾಲ್ಕು ಗಂಟೆ ಆ ಹೊತ್ತಿಗೇ ಮುಗಿಯುವುದು. ಬೇರೆ ಹೊತ್ತಲ್ಲಿ ನೋಡಿದರೆ ಅವರ ಲೆಕ್ಕಕ್ಕೆ ತಾಳೆ ಆಗುವುದಿಲ್ಲ. ನಮ್ಮ ಕಡೆ ಹಳಬರೆಲ್ಲ ಇಂಚಿನಲ್ಲೇ ಮಾತಾಡುತ್ತಾರೆ. ಒಂದು ಇಂಚು ಅಂದರೆ 25.4 ಮಿ.ಮೀ.

ತಾರಸಿ ತೋಟ, ಬೆಂಗಳೂರು

ಜಾಗವೂ ಮುಖ್ಯ ಅಕ್ಕ. ಒಗೆಯೋ ಕಲ್ಲು ಗೋಡೆ ಪಕ್ಕದಲ್ಲಿದ್ದರೆ ಮಳೆ ಮರೆಯಾಗುತ್ತದೆ, ಇಲ್ಲವೇ ಸೂರಿನ ನೀರು ಸಿಡಿಯುತ್ತದೆ. ಹತ್ತಿರದ ಗೋಡೆ ಎಷ್ಟು ಎತ್ತರವೋ ಕೊನೇಪಕ್ಷ ಅದರ ಎರಡರಷ್ಟು ದೂರ ಇಡಿ.

ಸಣ್ಣ ಮಳೆ ಸ್ಕೇಲ್‌ಗೆ ಸಿಗುವುದಿಲ್ಲ. 16 ಸೆಂ.ಮೀ. ಬಾಯಿಯ ಆಲಿಕೆಯನ್ನು ಬಾಟಲಿಗೆ ಸಿಕ್ಕಿಸಿ. ಆಗ 20 ಎಂ.ಎಲ್. ನೀರು ಅಂದರೆ 1 ಮಿ.ಮೀ. ಮಳೆ. ಮೆಡಿಕಲ್ ಶಾಪಿನಲ್ಲಿ 20 ಎಂ.ಎಲ್. ಸಿರಿಂಜ್ ಸಿಗುತ್ತದೆ, ಒಂದು ತುಂಬಿದರೆ ಒಂದು ಮಿ.ಮೀ. ಆಲಿಕೆ ಇದ್ದರೆ ನೀರು ಬೇಗ ಆರುವುದೂ ಇಲ್ಲ.

ಮೊಬೈಲ್‌ನದ್ದು ಬಹಳ ಸಲ ಬರೀ ಅಂದಾಜು. ಅದಕ್ಕಿಂತ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಲೆಕ್ಕ ನೋಡಿ. ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಅವರ ಮಳೆಮಾಪಕಗಳಿವೆ. ಆದರೂ ಈ ಕಾಲದ ಗುಡುಗು ಮಳೆ ಪಕ್ಕದ ಬೀದಿಗೆ ಸುರಿದು ನಿಮ್ಮನ್ನು ಬಿಟ್ಟು ಹೋಗಬಹುದು.

ಅರಸೀಕೆರೆ ಹಿತ್ತಲು

ಇಬ್ಬರಿಗೂ ಥ್ಯಾಂಕ್ಸ್. ಡಬ್ಬಿಯನ್ನು ಹಿತ್ತಲ ನಡುವೆ ಕಲ್ಲು ಒತ್ತುಕೊಟ್ಟು ಇಟ್ಟಿದ್ದೇನೆ. ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆಯುತ್ತೇನೆ. ಅಣ್ಣ, ಎಷ್ಟು ಬಂದರೆ ಆ ದಿನ ನೀರು ಹಾಕುವುದು ಬಿಡಬಹುದು? ಬೋರು ಈಗ ಅರ್ಧ ಗಂಟೆಗೇ ಗಾಳಿ ಉಗುಳುತ್ತಿದೆ.

ಸಾಗರದ ಅಡಿಕೆಯವ

ಎರಡೂವರೆ ಮಿ.ಮೀ. ಬರದಿದ್ದರೆ ಇಲಾಖೆಯವರು ಅದನ್ನು ಮಳೆ ದಿನ ಅಂತಲೇ ಎಣಿಸುವುದಿಲ್ಲ. ನೀನೂ ಎಣಿಸಬೇಡ. ಆದರೆ ಬರೆದಿಡು, ಸೊನ್ನೆಯನ್ನೂ ಬರೆ. ಎಷ್ಟು ದಿನ ಒಣಗಿತ್ತು ಅಂತ ಆಮೇಲೆ ತಿಳಿಯುವುದು ಸೊನ್ನೆಗಳಿಂದಲೇ. ಪಕ್ಕದಲ್ಲಿ ಮಣ್ಣು ಎಷ್ಟು ಬೆರಳು ನೆನೆಯಿತು ಅಂತಲೂ ಹಾಕು. ಬದನೆಗೆ ನೀರು ಬಿಡಬೇಕೋ ಬೇಡವೋ ಅಂತ ಹೇಳುವುದು ಡಬ್ಬಿಯಲ್ಲ, ಆ ಬೆರಳು. ಗರಿ, ಎಲೆ ಹೊದಿಸಿದ್ದರೆ ಅದನ್ನು ಸರಿಸಿ ನೋಡು. ತುಂತುರೆಲ್ಲ ಅದರಲ್ಲೇ ನಿಂತಿರುತ್ತದೆ.

ತೆಂಗಿನ ಲೆಕ್ಕ ಬೇರೆ. ಒಂದು ಚದರ ಮೀಟರ್‌ಗೆ 1 ಮಿ.ಮೀ. ಅಂದರೆ ಒಂದು ಲೀಟರ್. ಬುಡದಿಂದ ಆರು ಅಡಿ ಸುತ್ತ ಪಾತಿ ಮಾಡಿದರೆ ಸುಮಾರು ಹತ್ತು ಚದರ ಮೀಟರ್. 10 ಮಿ.ಮೀ. ಮಳೆಗೆ ನೂರು ಲೀಟರ್. ಅದರಲ್ಲೂ ಸ್ವಲ್ಪ ಗರಿ ಮೇಲೇ ಆರಿಹೋಗುತ್ತದೆ. ಫಸಲಿನ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ ನಲವತ್ತು ಲೀಟರ್ ಮೇಲೇ ಬೇಕು. ಅಂದರೆ ಎರಡು ದಿನ ಬೋರಿಗೆ ಬಿಡುವು, ಮೂರನೇ ದಿನ ಮತ್ತೆ ಪೈಪ್ ಹಿಡಿ.